ಗೊತ್ತಿಲ್ಲದ ಕತ್ತು

ನನ್ನ ಕತ್ತಿನ ಮೇಲೆ ಆ ಕುರು ಏಳದೇ ಇದ್ದಿದ್ದರೆ ಬೆಣ್ಣೆಕೈಯ ಗುಟ್ಟು ಇನ್ನೆಷ್ಟು ದಿನ ಮುಚ್ಚಿಕೊಂಡಿರುತ್ತಿತ್ತೋ ಹೇಳಲಾರೆ. ಕುರು ದೊಡ್ಡದೇನಲ್ಲ, ಬಟಾಣಿ ಗಾತ್ರದ್ದು. ಆದರೆ ಗಂಟಲಿನ ಎಡಪಕ್ಕದಲ್ಲಿ ಕೆಂಪಗೆ ಎದ್ದು ನಿಂತಿತ್ತು. ಎದುರು ಸಾಲಿನ ಅಂಗಡಿಯವನು ಅಲ್ಲಿಂದಲೇ ನೋಡಿ, "ಏನ್ ಟೈಲರ್ರೇ, ಕತ್ತಿಗೆ ಗುಂಡಿ ಹೊಲ್ಕೊಂಡಿದೀರಾ?" ಎಂದು ಕೂಗಿದ್ದ. ರಸ್ತೆಯ ಆಚೆಗೆ ಕಂಡದ್ದು, ನನ್ನ ಗಂಟಲ ಮೇಲೆ ಬಗ್ಗಿ ನಿಂತ ಬೆಣ್ಣೆಕೈಗೆ ಕಾಣಲಿಲ್ಲ.

ಬೆಣ್ಣೆಕೈ ಎಂದರೆ ನನ್ನ ಪಕ್ಕದ ಅಂಗಡಿಯ ಕ್ಷೌರಿಕ. ನನ್ನದು ಹೊಲಿಗೆ ಅಂಗಡಿ, ಅವನದು ಕಟಿಂಗ್ ಶಾಪು. ನಡುವೆ ಒಂದೇ ಗೋಡೆ. ನನ್ನ ಮಿಷನ್ನು ನಿಂತರೆ ಅವನಿಗೆ ಗೊತ್ತಾಗುತ್ತದೆ, ಅವನ ಕತ್ತರಿ ನಿಂತರೆ ನನಗೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಾನೆ ಎಂದು ಹರೆಯದಲ್ಲೇ ಯಾರೋ ಇಟ್ಟ ಹೆಸರು ಅದು. ಈಗ ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅವನ ಹತ್ತಿರ ತಂದೆಯ ಕಾಲದ ಒಂದು ಮಡಚುವ ರೇಜರು ಇತ್ತು. ಗೋಡೆಗೆ ನೇತುಹಾಕಿದ ತೊಗಲಿನ ಪಟ್ಟಿಯ ಮೇಲೆ ಅದನ್ನು ಸರ್ ಸರ್ ಎಂದು ತೀಡುವ ಸದ್ದು ಕೇಳಿದ ಮೇಲೆಯೇ ನನಗೆ ಬೆಳಗಾಗುತ್ತಿದ್ದದ್ದು. ಬ್ಲೇಡು ಸಿಕ್ಕಿಸುವ ಹೊಸ ರೇಜರುಗಳನ್ನು ಅವನು ಆಟದ ಸಾಮಾನು ಎನ್ನುತ್ತಿದ್ದ.

ಆ ದಿನ ಎಂದಿನಂತೆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದೆ. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದ. ರೇಜರು ಇಳಿಯಿತು. ಮರುಕ್ಷಣ ಕೆಂಡ ಇಟ್ಟ ಹಾಗಾಗಿ ನಾನು ಕಿರುಚಿಕೊಂಡೆ. ಬಿಳಿ ನೊರೆಯ ಮೇಲೆ ರಕ್ತ ಇಳಿಯುತ್ತಿತ್ತು.

"ಅಲ್ಲಾಡಿದ್ಯಾ?" ಎಂದ.

"ಅಲ್ಲಾಡೋಕೆ ನಾನೇನು ಎಳೇ ಮಗುನಾ? ಅಷ್ಟು ದೊಡ್ಡ ಕುರು ಇದೆ, ಕಾಣ್ಲಿಲ್ವಾ?"

"ಕಂಡಿತ್ತು, ಕಂಡಿತ್ತು. ಚೂರು ಜಾರ್ತು ಅಷ್ಟೇ."

ಹಾಗೆಂದು ರಕ್ತ ನಿಲ್ಲಿಸುವ ಪಟಿಕದ ಕಲ್ಲು ತಂದ. ಅದನ್ನು ಗಾಯದ ಮೇಲೆ ಇಡುವ ಬದಲು ಬೆರಳಿನಿಂದ ನನ್ನ ಕತ್ತು ಸವರುತ್ತ ಬಂದ. ನಾನು "ಅಯ್ಯೋ" ಎಂದಲ್ಲಿ ನಿಂತು, ಅಲ್ಲಿ ಒತ್ತಿದ. ಇವನು ಹುಡುಕುತ್ತಿದ್ದಾನೆ. ಕಂಡಿದ್ದರೆ ಯಾಕೆ ಹುಡುಕಬೇಕು?

ಅವನು ಬಲಗಡೆಗೆ ಬಂದ. ಮತ್ತೆ ರೇಜರು ಗಂಟಲಿನ ಮೇಲೆ ಕೂತಿತು. ನಾನು ಎದುರಿನ ದೊಡ್ಡ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತ ನಿಧಾನವಾಗಿ ನಾಲಿಗೆ ಹೊರಗೆ ಹಾಕಿದೆ. ಗದ್ದದ ತನಕ ಇಳಿಬಿಟ್ಟೆ. ಇಂಥದ್ದಕ್ಕೆಲ್ಲ ಅವನು ಬಿದ್ದು ಬಿದ್ದು ನಗುವ ಮನುಷ್ಯ. ಅವನ ಕಣ್ಣು ಕನ್ನಡಿಯಲ್ಲಿ ನನ್ನ ಮುಖದ ಕಡೆಗೇ ಇತ್ತು. ನಗಲಿಲ್ಲ.

"ಏನೋ, ಇವತ್ತು ಇಷ್ಟು ಸುಮ್ನಿದೀಯ?" ಎಂದ. "ಗದ್ದ ಎತ್ತು."

ಗಂಟಲ ಮೇಲೆ ಆಡುತ್ತಿದ್ದ ರೇಜರನ್ನು ಹಿಡಿದವನಿಗೆ ನನ್ನ ಮುಖ ಕಾಣುತ್ತಿಲ್ಲ. ಕಿರುಚಿದರೆ ಅವನ ಕೈ ಬೆದರುತ್ತದೆ, ಎದ್ದರೆ ಕತ್ತು ಅಲಗಿಗೆ ಸಿಗುತ್ತದೆ. ಉಗುಳು ನುಂಗಲೂ ಧೈರ್ಯ ಸಾಲದೆ ಉಸಿರು ಬಿಗಿ ಹಿಡಿದು ಕೂತೆ. ನೊರೆ ಒರೆಸಲು ಅವನು ರೇಜರು ಎತ್ತಿದ್ದೇ ತಡ, ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಾನೀಗ ಏನು ಮಾಡ್ತಿದ್ದೆ ಹೇಳು."

"ಏನು ಮಾಡ್ತೀಯ? ಕೂತಿದ್ದೆ."

"ಎಮ್ಮೆ ಕರು ಥರ ನಾಲಿಗೆ ಹೊರಗೆ ಹಾಕ್ಕೊಂಡು ಕೂತಿದ್ದೆ ಕಣೋ."

ಅವನು ಕೈ ಬಿಡಿಸಿಕೊಂಡ. ರೇಜರು ಮಡಚಿ ಇಟ್ಟು, ಹೋಗಿ ಬಾಗಿಲಿನ ಪರದೆ ಎಳೆದು ಬಂದ.

"ಬಿಸಿನೀರಿನ ಹಬೆ ಕನ್ನಡಿ ಮಧ್ಯದಲ್ಲಿ ಕೂರುತ್ತಲ್ಲ, ಹಾಗೆ" ಎಂದ. "ಒರೆಸಿದ್ರೂ ಹೋಗಲ್ಲ. ನಾನು ಎಲ್ಲಿ ನೋಡಿದ್ರೆ ಅಲ್ಲೇ ಬಂದು ಕೂರುತ್ತೆ. ನಿನ್ನ ಭುಜ ಕಾಣುತ್ತೆ, ಕುರ್ಚಿ ಕಾಣುತ್ತೆ. ಮುಖ ಇರಬೇಕಾದ ಕಡೆ ಮುಖ ಇಲ್ಲ."

"ಮತ್ತೆ ಇಷ್ಟು ದಿನ ಗಡ್ಡ ಹೇಗೆ ಮಾಡಿದೆ?"

"ಈ ಬೀದಿಯ ಕತ್ತೆಲ್ಲ ನಂಗೆ ಬಾಯಿಪಾಠ. ನಿಂದು ಬಲಗಡೆ ಗಡ್ಡ ಸುಳಿ ತಿರುಗಿದೆ. ಪೋಸ್ಟ್‌ಮ್ಯಾನ್ ಡಂಗುರಂದು ಗಂಟಲಮಣಿ ಕೆಳಗೆ ಹಳೇ ಗಾಯ ಇದೆ. ಬೆರಳಿಟ್ರೆ ಸಾಕು. ಹೊಸಬ್ರು ಬಂದ್ರೆ ರೇಜರ್ ಸಾಣೆಗೆ ಹೋಗಿದೆ ಅಂತೀನಿ."

"ಈ ಕುರು?"

"ಅದು ನಿನ್ನೆ ಇರ್ಲಿಲ್ವಲ್ಲೋ" ಎಂದ, ತಪ್ಪು ನನ್ನದೇ ಎನ್ನುವ ಹಾಗೆ.

ಬೆಣ್ಣೆಕೈ ಒಬ್ಬನೇ ಗುಟ್ಟಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಬಂದಿದ್ದ. ಕಣ್ಣಿನ ಹಿಂದಿನ ಪರದೆ ನಡುಭಾಗದಲ್ಲಿ ಸವೆದುಹೋಗಿದೆ, ಇದು ಆಪರೇಷನ್ನಿಗೂ ಬಗ್ಗುವುದಿಲ್ಲ, ಕನ್ನಡಕಕ್ಕೂ ಬಗ್ಗುವುದಿಲ್ಲ ಎಂದಿದ್ದರಂತೆ. ಮೂಲೆಯ ಕೋಣೆಯಲ್ಲಿ ಒಬ್ಬರು ಇದ್ದಾರೆ, ಉಳಿದ ದೃಷ್ಟಿಯನ್ನು ಬಳಸುವುದು ಕಲಿಸುತ್ತಾರೆ, ಹೋಗಿ ಎಂದೂ ಹೇಳಿದ್ದರಂತೆ. ಇವನು ಆ ಕೋಣೆಯ ತನಕ ಹೋಗಿ ತಿರುಗಿ ಬಂದಿದ್ದ.

"ಯಾಕೆ?" ಎಂದು ರೇಗಿದೆ.

"ಹೊರಗೆ ಬೆಂಚಲ್ಲಿ ಕೋಲು ಹಿಡ್ಕೊಂಡೋರು ಕೂತಿದ್ರು. ಅವ್ರ ಪಕ್ಕ ನಾನು ಕೂತಿದ್ದನ್ನ ನಮ್ಮ ಬೀದಿಯೋರು ಒಬ್ರು ನೋಡಿದ್ರೆ ಸಾಕು, ಮುಗೀತು. ಕಣ್ಣು ಕಾಣದೋನ ಕೈಗೆ ಯಾರೋ ಕತ್ತು ಕೊಡ್ತಾರೆ? ಈ ಅಂಗಡಿ ಬಿಟ್ರೆ ನಾನು ಯಾರು ಹೇಳು."

ಅವನ ಭಯ ಸುಳ್ಳಲ್ಲ. ಆದರೆ ನನಗೆ ಸಿಟ್ಟು ಬಂದರೆ ನಾಲಿಗೆಗೆ ಅಳತೆಯಿಲ್ಲ. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ? ಇವತ್ತು ನನ್ನ ಕುರು ಕುಯ್ದೆ. ನಾಳೆ ಯಾರ ನರ ಕುಯ್ತೀಯ? ನೀನಾಗೇ ಆ ಕೋಣೆಗೆ ಹೋಗ್ತೀಯೋ, ಇಲ್ಲ ನಿನ್ನ ಹೆಂಡ್ತಿಗೆ ಹೇಳ್ಲೋ?" ಎಂದೆ. ಅರ್ಧ ಗಡ್ಡ ಹಾಗೇ ಬಿಟ್ಟುಕೊಂಡು ಎದ್ದು ಬಂದೆ. ಆ ಅರ್ಧವನ್ನು ಮನೆಯಲ್ಲಿ ನಾನೇ ಕೆರೆದುಕೊಂಡೆ; ಅವನು ಕುಯ್ದದ್ದಕ್ಕಿಂತ ಹೆಚ್ಚು ಕುಯ್ದುಕೊಂಡೆ, ಅದು ಬೇರೆ ಮಾತು.

ಹೆಂಡತಿಗೆ ಹೇಳುವ ಪ್ರಮೇಯವೇ ಬರಲಿಲ್ಲ. ಮರುದಿನ ಅವಳೇ ನನ್ನ ಅಂಗಡಿಗೆ ಬಂದು ಕೂತಳು. "ನಂಗೆ ಗೊತ್ತಿಲ್ಲ ಅಂದ್ಕೊಂಡಿದೀರಾ ಅಣ್ಣ? ಮೊದ್ಲು ನನ್ನ ಮುಖ ನೋಡ್ಕೊಂಡು ಜಗಳ ಆಡ್ತಿದ್ರು, ಈಗ ಗೋಡೆ ನೋಡ್ಕೊಂಡು ಆಡ್ತಾರೆ. ಅವ್ರಾಗೇ ಹೇಳ್ಲಿ ಅಂತ ಸುಮ್ನಿದೀನಿ. ಬೀಗರ ವಿಷ್ಯಕ್ಕೂ ಇದೇ ಕಾರಣ ಇರಬೇಕು ಅಂತ ಈಗ ಅನ್ನಿಸ್ತಿದೆ" ಎಂದು ಕಣ್ಣು ಒರೆಸಿಕೊಂಡಳು.

ಬೀಗರ ವಿಷಯ ಎಂದರೆ ಇದು. ಅವರ ಒಬ್ಬಳೇ ಮಗಳನ್ನು ಕೊಟ್ಟ ಮನೆಯ ಯಜಮಾನರು ಮರದ ವ್ಯಾಪಾರಿ, ತೂಕದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಕೆಲವು ತಿಂಗಳ ಹಿಂದೆ ರಸ್ತೆಯಲ್ಲಿ ಎದುರಾಗಿ ಬೆಣ್ಣೆಕೈಗೆ ಕೈ ಎತ್ತಿ ನಮಸ್ಕಾರ ಮಾಡಿದ್ದರು. ಇವನು ಅವರ ಮುಖವನ್ನೇ ನೋಡುತ್ತ, ಕಂಡೂ ಕಾಣದವನ ಹಾಗೆ ಹೊರಟುಹೋಗಿದ್ದ. ಜೊತೆಯಲ್ಲಿ ಅವರ ವ್ಯಾಪಾರದ ಜನ ಇದ್ದರಂತೆ. ಮುಖಕ್ಕೆ ಹೊಡೆದ ಹಾಗಾಯಿತು ಎಂದು ಆಡಿಕೊಂಡವರು, ಆಮೇಲೆ ಇವರ ಮನೆಯ ಕಡೆ ತಲೆ ಹಾಕಲಿಲ್ಲ. ಮಗಳು ತವರಿಗೆ ಬರುವುದೂ ನಿಂತಿತ್ತು. ಕಣ್ಣು ಕಾಣಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಈ ಮಹಾರಾಯ ಆ ಮಾತಿಗಿಂತ ಜಂಬಗಾರ ಎನ್ನಿಸಿಕೊಳ್ಳುವುದೇ ವಾಸಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಅಂತೂ ನಾನು ಜೊತೆಗಿದ್ದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ, ಯಾರಾದರೂ ಕೇಳಿದರೆ ಕಣ್ಣಿನ ತೊಂದರೆ ನಿನ್ನದು ಎಂದೇ ಹೇಳಬೇಕು ಎಂದು ನನಗೆ ಪಾಠ ಮಾಡಿದ. ಮೂಲೆಯ ಕೋಣೆ ಚಿಕ್ಕದು. ಮೇಜಿನ ತುಂಬ ಬಗೆಬಗೆಯ ಭೂತಗನ್ನಡಿ, ಬಾಗುವ ಕತ್ತಿನ ದೀಪಗಳು, ದಪ್ಪ ಅಕ್ಷರದ ಹಾಳೆಗಳು. ಅಲ್ಲಿದ್ದಾಕೆ ನಡುವಯಸ್ಸಿನವರು, ತಗ್ಗಿದ ದನಿ, ಆದರೆ ಜಗ್ಗುವ ಹೆಂಗಸಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಹೋದ ದೃಷ್ಟಿ ವಾಪಸ್ ಬರಲ್ಲ ಯಜಮಾನ್ರೇ" ಎಂದು ಮೊದಲೇ ಹೇಳಿಬಿಟ್ಟರು. "ಮಧ್ಯದ್ದು ಹೋಗಿದೆ, ಅಂಚಿನದು ಇದೆ. ಇರೋದನ್ನ ಬಳಸೋಣ. ನನ್ನ ಮುಖ ನೋಡಿ. ಏನು ಕಾಣುತ್ತೆ?"

"ಏನೂ ಇಲ್ಲ" ಎಂದ ಒರಟಾಗಿ.

"ಸರಿ. ನನ್ನ ಮುಖ ಒಂದು ಗಡಿಯಾರ ಅಂದ್ಕೊಳ್ಳಿ, ಮೂಗು ಮುಳ್ಳಿನ ಮೊಳೆ. ಈಗ ಹನ್ನೆರಡು ಇರೋ ಕಡೆ, ನನ್ನ ನೆತ್ತಿ ನೋಡಿ. ಮೂಗು ಕಾಣುತ್ತಾ?"

"ಇಲ್ಲ."

"ಕೆಳಗೆ, ಗದ್ದ ನೋಡಿ."

"ಇಲ್ಲ ಅಂದ್ನಲ್ಲಮ್ಮ." ಅವನು ಎದ್ದು ಹೊರಡುವ ಹಾಗೆ ಕುರ್ಚಿಯ ಕೈ ಹಿಡಿದುಕೊಂಡ. ನಾನು ಅವನ ಭುಜ ಒತ್ತಿ ಕೂರಿಸಿದೆ. ಇದೊಂದು ಬಾಗಿಲೂ ಮುಚ್ಚಿದರೆ ಇವನನ್ನು ಇನ್ನೆಲ್ಲಿಗೂ ಕರೆದೊಯ್ಯಲಾರೆ ಎಂದು ನನಗೆ ಗೊತ್ತಿತ್ತು.

"ಕಿವಿ ಆಚೆ ನೋಡಿ. ನಿಮ್ಮ ಬಲಗಡೆ. ಇನ್ನೂ ಚೂರು ಆಚೆ. ಕಣ್ಣು ಮಾತ್ರ ತಿರುಗಿಸಿ, ಕತ್ತಲ್ಲ. ಹಾಂ, ಅಲ್ಲೇ ನಿಲ್ಲಿ."

ಬೆಣ್ಣೆಕೈ ಗೋಡೆಯ ಕಡೆ ನೋಡುತ್ತ ಅಲ್ಲಾಡದೆ ಕೂತ. ಬಾಯಿ ಮೆಲ್ಲಗೆ ತೆರೆದುಕೊಂಡಿತು.

"ಮೇಡಂ" ಎಂದ. "ನಿಮ್ಮ ತುಟಿ ಮೇಲೆ ಒಂದು ಮಚ್ಚೆ ಇದೆ."

ಆಕೆ ನಕ್ಕರು. ಬೆಣ್ಣೆಕೈ ತಕ್ಷಣ ನನ್ನ ಕಡೆ ತಿರುಗಿದ. ನನ್ನ ಕಡೆ ಎಂದರೆ, ನನ್ನ ಪಕ್ಕದ ಬೀರುವಿನ ಕಡೆ. "ಲೋ, ನಿನ್ನ ಮೀಸೆ ಎಡಗಡೆ ಉದ್ದ ಆಗಿದೆಯಲ್ಲೋ! ಯಾವ ತಲೆಕೆಟ್ಟೋನು ಮಾಡಿದ್ದು?"

"ನೀನೇ" ಎಂದೆ. ಮೂವರೂ ನಕ್ಕೆವು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ಅವನೇ ಗಾದೆ ಹೇಳಿದ. ಆಮೇಲೆ ಅವನು ಅತ್ತ. ನನಗೂ ಅಳು ಬಂತು, ಯಾಕೆ ಮುಚ್ಚಿಡಲಿ.

ಆದರೆ ಆ ಸಂತೋಷ ಮೇಡಂ ಅಂಗಡಿ ನೋಡಲು ಬಂದ ದಿನವೇ ಕರಗಿತು. ನೆಂಟರ ಹಾಗೆ ಬನ್ನಿ ಎಂದು ಬೆಣ್ಣೆಕೈ ಬೇಡಿಕೊಂಡಿದ್ದರಿಂದ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಸಾದಾ ಕೈಚೀಲ ಹಿಡಿದು ಬಂದರು. ಕುರ್ಚಿಯಲ್ಲಿ ತಾವೇ ಕೂತು ನೋಡಿದರು. ಟ್ಯೂಬ್‌ಲೈಟು ಕನ್ನಡಿಗೆ ಬಡಿದು ಕಣ್ಣಿಗೆ ಹೊಡೆಯುತ್ತಿದೆ, ತೆಗೆಸಿ ಎಂದರು. ಬದಲಿಗೆ ಗಿರಾಕಿಯ ಭುಜದ ಪಕ್ಕಕ್ಕೆ ಬಾಗುವ ದೀಪ. ಬಿಳಿ ತಲೆಗೆ ಬಿಳಿ ಬಟ್ಟೆ ಹೊದೆಸಿದರೆ ಕೂದಲು ಎಲ್ಲಿ, ಬಟ್ಟೆ ಎಲ್ಲಿ ಎಂದು ಅಂಚು ಸಿಗುವುದಿಲ್ಲ. ನರೆತವರಿಗೆ ಕಪ್ಪು ಬಟ್ಟೆ, ಕಪ್ಪು ಕೂದಲಿನವರಿಗೆ ಬಿಳಿ. ಆ ಬಟ್ಟೆಗಳನ್ನು ಹೊಲಿದವನು ನಾನೇ. ಕತ್ತರಿ, ಬಾಚಣಿಗೆ ಹಿಡಿದು ಓರೆಗಣ್ಣಿನಲ್ಲಿ ಕೆಲಸ ಮಾಡುವುದನ್ನು ಗೋಡೆಯ ಕಪಾಟಿನಲ್ಲಿದ್ದ ಕೂದಲಿನ ಗೊಂಬೆ ತಲೆಯ ಮೇಲೆ ಮೊದಲು, ಆಮೇಲೆ ನನ್ನ ತಲೆಯ ಮೇಲೆ ಮಾಡಿಸಿದರು. ನನ್ನ ತಲೆಗೂ ಗೊಂಬೆಗೂ ಅವರಿಗೆ ಅಂಥ ವ್ಯತ್ಯಾಸ ಕಂಡಂತಿರಲಿಲ್ಲ. ಕೊನೆಗೆ ತೊಗಲಿನ ಪಟ್ಟಿಯ ಪಕ್ಕದಲ್ಲಿದ್ದ ರೇಜರು ಕೈಗೆತ್ತಿಕೊಂಡರು.

"ಇದು ಬೇಡ" ಎಂದರು.

"ಅದೇ ನನ್ನ ಕೆಲಸ ಮೇಡಂ."

"ಕತ್ತರಿ ನಿಮ್ಮ ಕೆಲಸ, ಕೂದಲ ಮಿಷನ್ ನಿಮ್ಮ ಕೆಲಸ. ಗಂಟಲ ಮೇಲೆ ತೆರೆದ ಅಲಗು ಬೇಡ. ಪರಿಚಯದ ಕತ್ತಲ್ಲಿ ಗಡ್ಡ ತೆಗೀತಿರೋದು ನಿಮ್ಮ ನೆನಪು, ಕಣ್ಣಲ್ಲ. ಕತ್ತು ನಿನ್ನೆ ಇದ್ದ ಹಾಗೇ ಇವತ್ತು ಇರಲ್ಲ. ಇವರ ಕುರು ಕೇಳಿ ನೋಡಿ." ಆಮೇಲೆ ತಗ್ಗಿದ ದನಿಯಲ್ಲಿ, "ಬರೋರಿಗೆ ಹೇಳಿಬಿಡಿ ಯಜಮಾನ್ರೇ. ಬೋರ್ಡ್ ಹಾಕ್ಬೇಕಾಗಿಲ್ಲ, ಬಾಯಲ್ಲಿ ಹೇಳಿ. ಬೇರೆ ಕಡೆ ನೋಡ್ತಾ ಕೂದಲು ಕತ್ತರಿಸಿದ್ರೆ ಜನ ಹೆದರ್ತಾರೆ. ಕಾರಣ ಗೊತ್ತಾದ್ರೆ ಹೆದರಲ್ಲ" ಎಂದರು.

ಬೆಣ್ಣೆಕೈ ಕೆರಳಿದ. ತಂದೆಯ ಕೈಯಿಂದ ಬಂದ ರೇಜರು, ಅದನ್ನು ಇಡಿ ಎನ್ನಲು ನೀವ್ಯಾರು, ನನ್ನ ಗುಟ್ಟನ್ನು ನಾನೇ ಸಾರಬೇಕೇ ಎಂದು ಕೂಗಾಡಿದ. ಅಳೆದೂ ಸುರಿದೂ ಕೊನೆಗೆ ಒಂದು ಒಪ್ಪಂದವಾಯಿತು: ಮುಂದಿನ ಸಲ ಅವರು ಬರುವ ತನಕ ರೇಜರು ಡ್ರಾಯರಿನಲ್ಲಿ ಇರಬೇಕು. ಅವನು ನನ್ನ ಮುಂದೆ ಮಾತು ಕೊಟ್ಟ. ಜನರಿಗೆ ಹೇಳುವ ಮಾತು ಮಾತ್ರ ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ಗೋಡೆಯಾಚೆ ಕತ್ತರಿಯ ಸದ್ದು ಮಾತ್ರ ಕೇಳುತ್ತಿತ್ತು. ಗಡ್ಡಕ್ಕೆ ಬಂದವರಿಗೆ ಸಾಣೆಯ ನೆಪ, ಕೈನೋವಿನ ನೆಪ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಅಲ್ಲ, ಕಿವಿಗೆ ಬಿಟ್ಟುಕೊಂಡು ಕಾಯುತ್ತಿದ್ದೆ. ಜನಕ್ಕೆ ಅನುಮಾನ ಶುರುವಾಗಿತ್ತು. ಅದರಲ್ಲೂ ಡಂಗುರನಿಗೆ. ಇವನು ನಿವೃತ್ತ ಪೋಸ್ಟ್‌ಮ್ಯಾನ್. ಇವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಮನೆಮನೆಗೆ ಬಟವಾಡೆ ಆಗುತ್ತಿತ್ತು, ಅದಕ್ಕೇ ಆ ಹೆಸರು. ದಿನಾ ಬಂದು ಬೆಣ್ಣೆಕೈಯ ಬೆಂಚಿನಲ್ಲಿ ಪೇಪರ್ ಹಿಡಿದು ಕೂತು, ಪೇಪರಿನ ಮೇಲಂಚಿನಿಂದ ಇಣುಕುತ್ತಿದ್ದ.

ಒಂದು ಬೆಳಿಗ್ಗೆ ಒಬ್ಬರ ಪ್ಯಾಂಟಿಗೆ ಅಳತೆ ತೆಗೆದುಕೊಳ್ಳುತ್ತಿದ್ದೆ. ಗೋಡೆಯಾಚೆಯಿಂದ ಸರ್ ಸರ್ ಎಂದು ಕೇಳಿತು.

ತೊಗಲಿನ ಪಟ್ಟಿಯ ಸದ್ದು. ಗಿರಾಕಿಯನ್ನು ಹಾಗೇ ಬಿಟ್ಟು, ಕತ್ತಿಗೆ ಟೇಪು ನೇತುಹಾಕಿಕೊಂಡೇ ಓಡಿದೆ. ಬಾಗಿಲಲ್ಲಿ ನಿಂತು ನೋಡಿದರೆ ಕುರ್ಚಿಯಲ್ಲಿ ಬೀಗರು! ಮುಖದ ತುಂಬ ನೊರೆ, ತಲೆ ಹಿಂದಕ್ಕೆ ಒರಗಿದೆ, ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿವೆ. ಪಕ್ಕದ ಬೆಂಚಿನಲ್ಲಿ ಡಂಗುರ. ಬೆಣ್ಣೆಕೈಯ ಕೈಯಲ್ಲಿ ತೆರೆದ ರೇಜರು.

ಆಗಿದ್ದು ಇಷ್ಟು ಎಂದು ಆಮೇಲೆ ತಿಳಿಯಿತು. ಸೊಸೆಯ ಗೋಳು ನೋಡಲಾರದೆ ಬೀಗರು ತಾವೇ ಒಂದು ಹೆಜ್ಜೆ ಮುಂದಿಟ್ಟು ಬಂದಿದ್ದರು. ರಾಜಿಗೆ ಬಂದೆ ಎಂದು ಹೇಳಲು ಅವರಿಗೆ ಬಾಯಿ ಬರಬೇಕಲ್ಲ. "ಗಡ್ಡ ಮಾಡಿಸ್ಕೊಳ್ಳೋಣ ಅಂತ ಬಂದೆ" ಎಂದು ಕೂತರು. ಇವನು ದನಿ ಗುರುತು ಹಿಡಿದು ಕಂಗಾಲಾಗಿ ಸಾಣೆಯ ನೆಪ ಹೇಳಿದ. ಬೀಗರು ಅರ್ಧ ತೆರೆದ ಡ್ರಾಯರಿನ ಕಡೆ ಬೆರಳು ಮಾಡಿ, "ರೇಜರ್ ಅಲ್ಲೇ ಇದೆಯಲ್ಲ. ಊರೋರಿಗೆಲ್ಲ ಮಾಡ್ತೀರಿ, ನಮ್ಮ ಮುಖ ಮಾತ್ರ ನಿಮಗೆ ಆಗಲ್ಲ ಅನ್ನಿ" ಎಂದರು. ಅಷ್ಟು ಸಾಕಾಯಿತು.

ಇದು ಅವನು ಒಂದು ಸಲವೂ ಮುಟ್ಟದ ಕತ್ತು. ಕೂಗಿ ಹೇಳಿದರೆ ಡಂಗುರನ ಕಿವಿಗೆ ಬಿದ್ದು ಅವನ ಅಂಗಡಿ ಮುಚ್ಚುತ್ತದೆ. ಸುಮ್ಮನಿದ್ದರೆ ಬೀಗರ ಗಂಟಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತೋಚಿದ ಸುಳ್ಳು ಬಿಟ್ಟೆ.

"ಲೋ, ನಿನ್ನ ಹೆಂಡ್ತಿ ಫೋನ್ ಮಾಡಿದ್ರು, ಈಗ್ಲೇ ಮನೆಗೆ ಬರ್ಬೇಕಂತೆ!"

"ನನ್ನ ಫೋನ್ ನನ್ನ ಜೇಬಲ್ಲೇ ಇದೆ" ಎಂದ ಅವನು, ತಿರುಗದೆ.

"ನಾವು ಬಂದ ಗಳಿಗೆಗೇ ಇವರಿಗೆಲ್ಲ ಅರ್ಜೆಂಟು" ಎಂದರು ಬೀಗರು ನೊರೆಯೊಳಗಿಂದ.

ಬೆಣ್ಣೆಕೈ ಬಗ್ಗಿದ. ಎಡಗೈ ಹೆಬ್ಬೆರಳು ಬೀಗರ ಗಂಟಲಿನ ಮೇಲೆ ಕೂತು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಪಕ್ಕಕ್ಕೆ ಸರಿಯಿತು. ಗುರುತಿನದು ಒಂದೂ ಸಿಗದೆ ಅದು ಅಲೆಯುವುದು ನನಗೆ ಕಾಣುತ್ತಿತ್ತು. ಓರೆಯಾಗಿ ನೋಡಿ ಕತ್ತನ್ನು ಹುಡುಕಿಕೊಳ್ಳೋಣ ಎಂದರೆ, ಬಂದವರ ಮುಂದೆ ಎಲ್ಲೋ ನೋಡುತ್ತ ರೇಜರು ಹಿಡಿಯುವುದು ಹೇಗೆ? ಅದಕ್ಕೇ ಅವನು ನೇರವಾಗಿ, ಬೀಗರ ಮುಖ ಇರಬೇಕಾದ ಆ ಹಬೆಯನ್ನೇ ದಿಟ್ಟಿಸುತ್ತಿದ್ದ. ಅಲಗು ನೊರೆಗೆ ತಾಗಿತು. ಇನ್ನು ತಡೆಯಲಾರೆ ಎಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಬೀಗರು ಉಗುಳು ನುಂಗಿದರು. ಗಂಟಲಮಣಿ ಮೇಲೆದ್ದು ಇಳಿಯಿತು. ಬೆಣ್ಣೆಕೈಯ ಕೈ ನಿಂತಿತು.

"ಈ ಕತ್ತು ನಂಗೆ ಗೊತ್ತಿಲ್ಲ" ಎಂದ.

"ಏನಂದ್ರಿ?"

ಅವನು ಅಲಗನ್ನು ಮೆಲ್ಲಗೆ ಎತ್ತಿ, ಮಡಚಿದ. ಹಿಡಿಕೆ ಟಕ್ ಎಂದು ಮುಚ್ಚಿತು.

"ಬೀಗರೇ, ನಂಗೆ ನಿಮ್ಮ ಮುಖ ಕಾಣ್ತಿಲ್ಲ. ಅವತ್ತು ರಸ್ತೇಲೂ ಕಾಣ್ಲಿಲ್ಲ. ನನ್ನ ಕಣ್ಣು ಮಧ್ಯದಲ್ಲಿ ಹೋಗಿದೆ. ಹೇಳ್ಕೊಂಡ್ರೆ ಅಂಗಡಿ ಹೋಗುತ್ತೆ ಅಂತ ನಿಮ್ಮ ಹತ್ರ ಕೆಟ್ಟೋನಾದೆ, ಮಗಳ ದಾರಿ ಕಾಯ್ಕೊಂಡು ಕೂತೆ. ಈಗ ನಿಮ್ಮ ಗಂಟಲ ಮೇಲೆ ರೇಜರ್ ಇಟ್ಟೆನಲ್ಲ, ಇದು ದೊಡ್ಡ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ."

ಡಂಗುರನ ಪೇಪರು ನಿಧಾನವಾಗಿ ಮಡಿಲಿಗೆ ಇಳಿಯಿತು. ಮುಗಿಯಿತು, ಸಂಜೆಗೆ ಇಡೀ ಬೀದಿಗೆ ಗೊತ್ತು ಎಂದುಕೊಂಡೆ. ಬೀಗರು ಎದ್ದು ಬೈಯುತ್ತಾರೆ, ನೊರೆ ಮುಖದಲ್ಲೇ ಹೊರಟುಹೋಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಬೆಣ್ಣೆಕೈ ಬಾಗಿಲಿನ ಕಡೆ, ನಾನು ನಿಂತಲ್ಲಿಗೆ ಕಣ್ಣು ತಿರುಗಿಸಿದ. ಪಾಪ, ನನ್ನ ಸಹಾಯ ಬೇಡುತ್ತಿದ್ದಾನೆ ಎಂದುಕೊಂಡು ನಾನು ಏನೋ ಹೇಳಹೊರಟೆ.

"ಅಳ್ಬೇಡಿ ಬೀಗರೇ" ಎಂದ ಅವನು. "ನೊರೆ ಇಳೀತಾ ಇದೆ."

ನೋಡಿದರೆ ಹೌದು. ಬೀಗರ ಕಣ್ಣಿನಿಂದ ಇಳಿದ ಒಂದು ಗೆರೆ ನೊರೆಯ ನಡುವೆ ದಾರಿ ಮಾಡಿಕೊಂಡು ಗದ್ದದ ತನಕ ಬಂದಿತ್ತು. ಕಣ್ಣು ನೆಟ್ಟಗಿದ್ದ ನಮಗಿಬ್ಬರಿಗೂ ಅದು ಕಂಡಿರಲಿಲ್ಲ.

ಬೀಗರು ಅಂಗೈಯಲ್ಲಿ ಕೆನ್ನೆ ಒರೆಸಿಕೊಂಡರು. "ಕಾಣಲ್ಲ ಅಂದ್ರಿ. ಬಾಗಿಲ ಕಡೆ ನೋಡ್ಕೊಂಡು ಹೇಳ್ತಿದೀರಲ್ರೀ!"

"ಬಾಗಿಲ ಕಡೆ ನೋಡಿದ್ರೇನೇ ನೀವು ಕಾಣೋದು."

"ಹಾಗಾದ್ರೆ ಬಾಗಿಲ ಕಡೇನೇ ನೋಡಿ" ಎಂದರು ಬೀಗರು. "ಗಡ್ಡ ಇರ್ಲಿ, ನೊರೆ ಒರೆಸಿ. ತಲೆ ಕೂದಲು ಬೆಳೆದಿದೆ. ಕತ್ತರಿ ತಗೊಳ್ಳಿ. ನಿಮ್ಮ ಮಗಳನ್ನ ನಾಳೆನೇ ಕಳಿಸ್ತೀನಿ."

ಬೆಣ್ಣೆಕೈ ಬಿಸಿನೀರಿನ ಬಟ್ಟೆಯಿಂದ ಅವರ ಮುಖ ಒರೆಸಿದ. ದೀಪವನ್ನು ಭುಜದ ಪಕ್ಕಕ್ಕೆ ಬಗ್ಗಿಸಿ, ನರೆತ ತಲೆಗೆ ನಾನು ಹೊಲಿದ ಕಪ್ಪು ಬಟ್ಟೆ ಹೊದೆಸಿದ. ಆಮೇಲೆ ರೇಜರನ್ನು ನನ್ನ ಕಡೆ ಚಾಚಿದ. "ಹೊಲಿಗೆ ಬಿಚ್ಚೋಕೆ ಇಟ್ಕೋ. ನನ್ನ ಕಣ್ಣಿಗೆ ಬೀಳದ ಹಾಗೆ ಇಡು." ತಂದೆಯ ರೇಜರು. ಕೊಡುವಾಗ ಅವನ ಬೆರಳುಗಳು ಅದನ್ನು ಬಿಡಲು ಸ್ವಲ್ಪ ತಡ ಮಾಡಿದವು.

ಡಂಗುರ ಎದ್ದು ನಿಂತ. ಸುದ್ದಿ ಬಟವಾಡೆಗೆ ಹೊರಟ ಎಂದು ನನಗೆ ಮೈ ಉರಿಯಿತು. "ನಿಂತ್ಕೊಳ್ಳೋ, ಎಲ್ಲಿಗೆ ಹೊರಟೆ?" ಎಂದು ಗದರಿದೆ.

"ಎಲ್ಲಿಗೂ ಇಲ್ಲ ಕಣಪ್ಪ, ಫ್ಯಾನ್ ಜೋರು ಮಾಡೋಣ ಅಂತ ಎದ್ದೆ" ಎಂದ. ಸ್ವಿಚ್ಚು ತಿರುಗಿಸಿ ಬಂದು ಅದೇ ಜಾಗದಲ್ಲಿ ಕೂತ. "ಬೀಗರದ್ದಾದ್ಮೇಲೆ ಸರದಿ ನಂದು. ಮಧ್ಯೆ ಯಾರನ್ನೂ ಕೂರಿಸ್ಬೇಡ ಬೆಣ್ಣೆಕೈ."

ಸಂಜೆಯೊಳಗೆ ಅವನು ಊರಿಗೆಲ್ಲ ಹೇಳಿದ, ಅದರಲ್ಲಿ ಸಂಶಯ ಬೇಡ. ಕೆಲವರು ಆಮೇಲೆ ಆ ಅಂಗಡಿಗೆ ಬರಲಿಲ್ಲ. ಡಂಗುರ ಮಾತ್ರ ತನ್ನ ಹೊಸ ಕ್ಷೌರದ ತಲೆಯನ್ನು ತೋರಿಸುತ್ತಲೇ ಹೇಳಿದನಂತೆ.

ರೇಜರು ಜೇಬಿಗೆ ಹಾಕಿಕೊಂಡು ನಾನು ನನ್ನ ಅಂಗಡಿಗೆ ವಾಪಸ್ ಬಂದೆ. ಅರ್ಧ ಅಳತೆ ಕೊಟ್ಟ ಗಿರಾಕಿ ಇನ್ನೂ ಅಲ್ಲೇ ಕಾಲು ಅಗಲಿಸಿಕೊಂಡು ನಿಂತಿದ್ದ. ಗೋಡೆಯಾಚೆ ಕತ್ತರಿ ಶುರುವಾಯಿತು.

"ಎಲ್ಲಿ ನೋಡ್ತಿದೀರಿ ಬೀಗರೇ?" ಎಂದು ಬೀಗರು ಕೇಳುವುದು ಕೇಳಿಸಿತು. ದನಿಯಲ್ಲಿ ಇನ್ನೂ ಸ್ವಲ್ಪ ಭಯವಿತ್ತು.

"ನಿಮ್ಮನ್ನೇ" ಎಂದ ಬೆಣ್ಣೆಕೈ. "ಅಲ್ಲಾಡ್ಬೇಡಿ."